ಕಿತ್ತ ಕೈಯೇ ಹಚ್ಚಲಿ

ಮುವಾಂಗ್ ಥೇಂಗ್ ಕಣಿವೆ
೭ ಡಿಸೆಂಬರ್ ೧೯೫೪, ಕೋಳಿಗಳು ಗೂಡು ಸೇರುವ ಹೊತ್ತು

ಪ್ರೀತಿಯ ತಮ್ಮ ತೂನ್,

ಹೇಗಿದ್ದೀಯಾ? ಆ ಬೆಟ್ಟದ ಮೇಲೆ ಈಗ ಬೆಳಗಿನ ಇಬ್ಬನಿ ಹುಲ್ಲಿನ ಮೇಲೆ ಗಟ್ಟಿಯಾಗುವ ಕಾಲ. ಚಿಕ್ಕಂದಿನಿಂದಲೂ ಚಳಿ ಶುರುವಾದರೆ ಸಾಕು, ನಿನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಮಲಗುವ ಮುಂಚೆ ಹಂದಿಯ ಕೊಬ್ಬು ಸವರಿಕೋ. ಅವ್ವ ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಾಳೆ. ನಿನಗೆ ಕೆಮ್ಮು ಇದೆಯೇ, ಹೊಟ್ಟೆ ತುಂಬ ಊಟ ಸಿಗುತ್ತಿದೆಯೇ, ಜೋಳದ ಹಿಟ್ಟು ತಿಂದು ಸೊರಗಿದ್ದೀಯೇ ಎಂದು ಒಂದಾದ ಮೇಲೊಂದು ಕೇಳುತ್ತಾಳೆ. ಎಲ್ಲವನ್ನೂ ಬರೆದಿದ್ದೇನೆ ಎಂದು ಹೇಳಿದ್ದೇನೆ. ಅವಳ ಸೊಂಟ ನೋವು ಹಾಗೇ ಇದೆ, ಕಣ್ಣು ಸ್ವಲ್ಪ ಮಂಜಾಗಿದೆ, ನಾಲಿಗೆಗೆ ಏನೂ ಆಗಿಲ್ಲ. ಅಪ್ಪ ಓಲೆ ಬಿಚ್ಚಿ ಅಕ್ಷರ ಹೇಳಿಕೊಡಲು ಕೂರಿಸಿದಾಗಲೆಲ್ಲ ನೀನು ಹೊಳೆಗೆ ಓಡುತ್ತಿದ್ದೆ. ಅದಕ್ಕೇ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಬೇರೆಯವರ ಕೈಗೆ ಕೊಟ್ಟು ಓದಿಸಬೇಡ.

ಇವತ್ತು ಹೊತ್ತು ಮುಳುಗುವ ಮೊದಲೇ ಮಾಡಿನ ಹುಲ್ಲು ಹೊದಿಸುವುದು ಮುಗಿಯಿತು. ಕೊನೆಯ ಕಟ್ಟನ್ನು ನಿನ್ನ ಭಾವ ಚೋಮ್ ನೆತ್ತಿಯ ಮೇಲೆ ಕೂತು ಬಿಗಿದರು. ಕೆಳಗಿನಿಂದ ಅವ್ವ, ಎಡಕ್ಕೆ ಎಳಿ, ಬಲಕ್ಕೆ ಎಳಿ ಎಂದು ಕೂಗುತ್ತಲೇ ಇದ್ದಳು, ಅವರು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿದಿರಿನ ನೆಲ ಹಾಸಿಯಾಗಿದೆ. ಹೆಂಗಸರ ಏಣಿ, ಗಂಡಸರ ಏಣಿ ಎರಡೂ ನಿಂತಿವೆ. ಹಂದಿಗೂಡಿಗೆ ಈ ಸಲ ಬಿದಿರು ಬೇಕಾಗಲಿಲ್ಲ. ಫ್ರೆಂಚರು ವಿಮಾನ ಇಳಿಯಲು ಹಾಸಿದ್ದ ತೂತು ತೂತಿನ ಕಬ್ಬಿಣದ ಹಾಳೆಗಳನ್ನೇ ನೆಟ್ಟಿದ್ದೇವೆ. ಹಂದಿಗಳಿಗೆ ಅದೊಂದು ದೊಡ್ಡಸ್ತಿಕೆ. ಮನೆಯ ಒಳಗೆ ಒಲೆಯ ಚೌಕಟ್ಟಿಗೆ ಮಣ್ಣು ತುಂಬಿ, ಹೊಳೆಯಿಂದ ಮೂರು ಕಲ್ಲು ತಂದು ಇಟ್ಟಿದ್ದೇನೆ. ಇಷ್ಟಾದರೂ ನಾವು ಮೂವರೂ ಮನೆಯ ಕೆಳಗೆ, ಕಂಬಗಳ ನಡುವೆ, ಎಮ್ಮೆಯ ಪಕ್ಕ ಚಾಪೆ ಹಾಕಿಕೊಂಡು ಮಲಗುತ್ತಿದ್ದೇವೆ. ಅಡುಗೆ ಅಂಗಳದಲ್ಲಿ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಹೆಂಗಸಿನ ತವರಿನವನು, ಅವಳ ಮಕ್ಕಳ ಸೋದರಮಾವ, ಬಂದು ಮೊದಲ ಬೆಂಕಿ ಹಚ್ಚದೆ ಹೊಸ ಮನೆಗೆ ಹತ್ತಿ ಬಾಳಿದವರು ಈ ಕಣಿವೆಯಲ್ಲಿ ಯಾರೂ ಇಲ್ಲ. ಹಳೆಯ ಮನೆಗೆ ಹಚ್ಚಿದವನು ನೀನೇ. ಆಗ ನಿನಗೆ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಊದಿ ಊದಿ ಕಣ್ಣು ಮೂಗೆಲ್ಲ ಸುರಿದು, ಕೊನೆಗೆ ಬೆಂಕಿ ಹೊತ್ತಿಕೊಂಡಾಗ ನಿನ್ನ ಮುಂಗೂದಲು ಸುಟ್ಟಿತ್ತು. ಇಡೀ ಊರು ನಕ್ಕಿತ್ತು.

ನೀನು ಎಲ್ಲಿದ್ದೀಯೆಂದು ನನಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಿರಬಹುದು. ಕುದುರೆ ಮಾರುವ ಸುಂಗ್ ಪಾವ್ ಸುಗ್ಗಿ ಮುಗಿದ ಮೇಲೆ ಇಲ್ಲಿಗೆ ಬಂದಿದ್ದ. ಅಂಗಳದಲ್ಲಿ ಕೂತು ಸಾರಾಯಿ ಕುಡಿಯುತ್ತ, ಲಾವೋಸಿನ ಗಡಿಯ ಏರಿನಲ್ಲಿ ತನ್ನ ನೆಂಟರ ಊರಿನಲ್ಲಿ ಒಬ್ಬ ವಿಚಿತ್ರ ಆಳು ಇದ್ದಾನೆ ಎಂದ. ಊಟಕ್ಕೆ ಬೇಲಿ, ಹಂದಿಗೂಡು ಕಟ್ಟಿಕೊಡುತ್ತಾನಂತೆ. ಗೂಡಿನ ಒಂದೊಂದು ಗೂಟವನ್ನೂ ತಿರುಗಿಸಿ ತಿರುಗಿಸಿ ನೋಡಿ, ಮರದಲ್ಲಿದ್ದಾಗ ಬುಡ ಯಾವ ಕಡೆಗಿತ್ತೋ ಅದನ್ನೇ ಕೆಳಗೆ ಮಾಡಿ ನೆಡುತ್ತಾನಂತೆ. ಹಂದಿಗೆ ಅದೆಲ್ಲ ಏನು ಗೊತ್ತಾಗುತ್ತೆ ಎಂದು ಅವರು ನಕ್ಕರೆ, "ಹಂದಿಗೆ ಬೇಡ, ಮರಕ್ಕೆ ಗೊತ್ತಾಗುತ್ತೆ" ಎಂದನಂತೆ. ಅವ್ವ ಕುಟ್ಟುವುದನ್ನು ನಿಲ್ಲಿಸಿದಳು. ಎಡ ಹುಬ್ಬಿನಲ್ಲಿ ಗಾಯದ ಗುರುತು ಇದೆಯಾ ಎಂದು ಕೇಳಿದಳು. ಇದೆ ಎಂದ. ಅವ್ವ ಎದ್ದು ಹೋಗಿ ಅವನಿಗೆ ನಮ್ಮ ಪಾಲಿನ ಒಣಮೀನನ್ನೆಲ್ಲ ಕಟ್ಟಿಕೊಟ್ಟುಬಿಟ್ಟಳು. ಅವನಿಗೆ ಯಾಕೆಂದು ಅರ್ಥವೇ ಆಗಲಿಲ್ಲ, ಪಾಪ, ಕುದುರೆಯ ಬೆಲೆ ಇಳಿಸಲು ಹೀಗೆ ಮಾಡುತ್ತಿದ್ದೇವೆ ಎಂದುಕೊಂಡ. ನಮಗೆ ಕುದುರೆ ಬೇಡವೇ ಬೇಡ ಎಂದು ಚೋಮ್ ಹೇಳಿದಾಗ ಇನ್ನೂ ಗಾಬರಿಯಾದ.

ಈಗ ಬೇಡದ ಮಾತು ಬರೆಯಬೇಕು. ಹೋದ ವರ್ಷ ಇದೇ ತಿಂಗಳು, ಆಕಾಶದಿಂದ ಫ್ರೆಂಚ್ ಸೈನಿಕರ ಬಿಳಿ ಕೊಡೆಗಳು ಉದುರಿ ಕೆಲವು ವಾರ ಆಗಿತ್ತು. ಫ್ರೆಂಚರು ತಮ್ಮ ಕೈಕೆಳಗಿನ ನಿಮ್ಮ ಥಾಯ್ ಪಡೆಯನ್ನೂ ಇಲ್ಲಿಗೆ ತಂದಿದ್ದರು. ಬಂಕರಿಗೆ ಕಣಿವೆಯ ಮರ ಸಾಲದು, ಊರುಗಳ ಮನೆ ಬಿಚ್ಚಿ ಎಂದು ಅವರ ಅಧಿಕಾರಿ ಹೇಳಿದ. ಬಿಚ್ಚಲು ಬಂದವರಲ್ಲಿ ನೀನೂ ಇದ್ದೆ. ಬೇರೆಯವರು ಮಾಡು ಬಿಚ್ಚಿದರು, ತೊಲೆ ಇಳಿಸಿದರು. ಹಿರಿಯರ ಕಂಬದ ಹತ್ತಿರ ಯಾರೂ ಹೋಗಲಿಲ್ಲ. ಆಮೆಯ ಚಿಪ್ಪು ಕಟ್ಟಿದ ಕಂಬ, ಮನೆಗೆ ಮೊದಲು ನಿಲ್ಲುವ ಕಂಬ, ಯಾರು ತಾನೆ ಮುಟ್ಟುತ್ತಾರೆ. ಕೊನೆಗೆ ನೀನು ಹೋದೆ. ನನ್ನ ಕಡೆ ನೋಡದೆ ಹೋದೆ. ಅದನ್ನು ನಿಲ್ಲಿಸಿದ ದಿನ ಹಗ್ಗ ಹಿಡಿದವನು ನೀನು, ಹೋದ ವರ್ಷ ಅದರ ಬುಡ ಅಗೆದು ಕಿತ್ತವನೂ ನೀನು. ಊರಿನವರೆಲ್ಲ ಕೇಳುವ ಹಾಗೆ ನಾನು ಹೇಳಿದೆ, ನೀನು ನಮ್ಮವ್ವನ ಹೊಟ್ಟೇಲಿ ಹುಟ್ಟಿದವನಲ್ಲ ಕಣೋ, ಆ ವಿಮಾನದಿಂದ ಉದುರಿದವನು ಎಂದು. ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಅವ್ವ ಮಾತ್ರ ಈಗಲೂ ನನ್ನನ್ನು ಹಂಗಿಸುತ್ತಾಳೆ. "ವಿಮಾನದಿಂದ ಉದುರಿದ್ರೆ ಚೆನ್ನಾಗಿತ್ತು. ಎರಡು ರಾತ್ರಿ ನಾನು ಕಿರುಚೋದು ತಪ್ತಿತ್ತು" ಅನ್ನುತ್ತಾಳೆ.

ಆಮೇಲೆ ನಮ್ಮನ್ನೆಲ್ಲ, ನನ್ನ ಮಗಳು ಲಾಳನ್ನೂ, ಒಟ್ಟು ಮಾಡಿ ಗದ್ದೆಯ ನಡುವೆ ಶಿಬಿರದಲ್ಲಿ ಹಾಕಿದರು. ನಿನಗೆ ಅದು ಗೊತ್ತು. ಮಾರ್ಚ್ ತಿಂಗಳಲ್ಲಿ ಬೆಟ್ಟಗಳ ಮೇಲಿಂದ ಫ್ರೆಂಚರ ಮೇಲೆ ವಿಯೆಟ್ ಮಿನ್ಹ್‌ನವರ ಫಿರಂಗಿ ಶುರುವಾಯಿತು. ಬೆಟ್ಟದ ಮೇಲಕ್ಕೆ ಫಿರಂಗಿ ಯಾರು ತರುತ್ತಾರೆ ಎಂದು ಫ್ರೆಂಚರು ನಗುತ್ತಿದ್ದರಲ್ಲ, ಆ ನಗು ಒಂದೇ ಸಂಜೆಗೆ ನಿಂತುಹೋಯಿತು. ನೀವು ಕಾಯುತ್ತಿದ್ದ ಉತ್ತರದ ಗುಡ್ಡದಿಂದ ಥಾಯ್ ಹುಡುಗರು ಮಂಜಿನಲ್ಲಿ ಬಂದೂಕು ಬಿಟ್ಟು ಹೊರಟುಹೋದರು ಎಂಬ ಸುದ್ದಿ ಶಿಬಿರಕ್ಕೂ ಬಂತು. ನೀನು ಅವರಲ್ಲಿ ಇದ್ದೆಯೋ, ಗುಡ್ಡದ ಮೇಲೇ ಉಳಿದೆಯೋ, ಮಣ್ಣಿನಡಿ ಹೋದೆಯೋ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಭಾವ ಅಷ್ಟರಲ್ಲೇ ಶಿಬಿರದಿಂದ ತಪ್ಪಿಸಿಕೊಂಡು ವಿಯೆಟ್ ಮಿನ್ಹ್ ಕಡೆಗೆ ಹೋಗಿ ಕಂದಕ ತೋಡುತ್ತಿದ್ದರು. ಹಗಲು ಮಲಗಿ ಕತ್ತಲಾದ ಮೇಲೆ ತೋಡುವುದು. ನಮ್ಮ ಗದ್ದೆಗಳ ಬದುವನ್ನೇ ಹಿಡಿದು, ನಮಗೆ ಗೊತ್ತಿರುವ ತಿರುವುಗಳಲ್ಲೇ, ಕಂದಕ ದಿನದಿನಕ್ಕೆ ಫ್ರೆಂಚರ ಕಡೆಗೆ ತೆವಳಿತು. ಚೋಮ್ ಹೇಳುತ್ತಾರೆ, ತಾವು ಅಷ್ಟು ಆಳ ಯಾವ ಬೆಳೆಗೂ ಅಗೆದಿರಲಿಲ್ಲ ಎಂದು. ನೀನು ಒಂದು ಗುಡ್ಡದ ಮೇಲೆ, ಅವರು ಅದರ ಕೆಳಗೆ. ಗುದ್ದಲಿ ಎತ್ತಿದಾಗಲೆಲ್ಲ ಬಾಮೈದನ ತಲೆಗೆ ತಾಗದಿರಲಿ ಎಂದುಕೊಳ್ಳುತ್ತಿದ್ದರಂತೆ. ಇದನ್ನು ಅವರು ಒಂದೇ ಸಲ ಹೇಳಿದ್ದು, ನಾನು ಬರೆದೆನೆಂದು ಅವರಿಗೆ ಹೇಳಬೇಡ.

ತೂನ್, ಲಾ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಫ್ರೆಂಚರ ವಿಮಾನಗಳು ಬಂದು ಶಿಬಿರದ ಮೇಲೆ ಬಾಂಬು ಹಾಕಿದವು. ಯಾಕೆ ಹಾಕಿದರು ಎಂದು ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ. ಶಿಬಿರದಲ್ಲಿ ಇದ್ದವರು ಹೆಂಗಸರು, ಮಕ್ಕಳು, ಮುದುಕರು. ನಾನು ನೀರಿಗೆ ಹೋಗಿದ್ದೆ. ಅವ್ವ ಕಾಲುವೆಯಲ್ಲಿ ಬಿದ್ದು ಉಳಿದಳು. ಲಾ ಗುಡಿಸಲಲ್ಲಿ ಮಲಗಿದ್ದಳು, ಅವತ್ತು ಸ್ವಲ್ಪ ಜ್ವರ ಇತ್ತು. ಅವಳನ್ನು ಹುಡುಕಿ ತೆಗೆದಾಗ ಮುಖಕ್ಕೆ ಏನೂ ಆಗಿರಲಿಲ್ಲ. ಇಷ್ಟೇ ಬರೆಯಬಲ್ಲೆ. ಅಪ್ಪನ ಹಾಗೆ ನಾನೂ ದಿನಕ್ಕೊಂದು ಸಾಲು ಬರೆದಿಡುವವಳು. ಆ ದಿನದ ಜಾಗ ಖಾಲಿ ಇದೆ, ಹಾಗೇ ಇರುತ್ತದೆ. ಅವಳು ಕೊನೆಯವರೆಗೂ ನಿನ್ನನ್ನು ಕೇಳುತ್ತಿದ್ದಳು. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಮಾನ ತೋರಿಸುತ್ತೀನಿ ಅಂದಿದ್ದ ಎಂದು. ಈಗ ನೀನು ಇದನ್ನು ಓದಿ, ಇನ್ನು ಯಾವ ಮುಖ ಹೊತ್ತು ಅಲ್ಲಿಗೆ ಹೋಗಲಿ ಎಂದುಕೊಳ್ಳುತ್ತೀಯಾ, ನನಗೆ ಗೊತ್ತು. ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ. ನನ್ನ ಮಗಳ ಸಾವು ನೀನು ಬಚ್ಚಿಟ್ಟುಕೊಳ್ಳಲು ಇನ್ನೊಂದು ಗುಡ್ಡ ಅಲ್ಲ. ಅವಳಿಗಾಗಿ ಅಳಬೇಕಾದರೆ ಇಲ್ಲಿ ಬಂದು ಅಳು, ಅವಳನ್ನು ಮಲಗಿಸಿದ ಜಾಗ ತೋರಿಸುತ್ತೇನೆ.

ಮೇ ತಿಂಗಳ ಮೊದಲ ವಾರ ಇಡೀ ಕಣಿವೆ ಕೆಸರಾಗಿತ್ತು. ಶಿಬಿರದಿಂದ ಓಡಿ ಬಂದ ನಾವು ಕಾಡಿನ ಅಂಚಿನಲ್ಲಿ ಬಂಡೆಯ ಕೆಳಗೆ ಇದ್ದೆವು. ಒಂದು ಸಂಜೆ ನೆಲ ಒಂದು ಸಲ ಎದ್ದು ಕೂತ ಹಾಗಾಯಿತು. ಹೊಳೆಯ ಆಚೆಯ ದೊಡ್ಡ ಗುಡ್ಡದ ಕೆಳಗೆ ಸುರಂಗ ತೋಡಿ ಮದ್ದು ಇಟ್ಟಿದ್ದರಂತೆ. ಮರುದಿನ ಹೊತ್ತು ಇಳಿಯುವಾಗ ಗುಂಡಿನ ಶಬ್ದ ಒಂದೊಂದು ಕಡೆಯಲ್ಲಾಗಿ ನಿಂತುಕೊಂಡು ಬಂತು. ಕೊನೆಗೆ ಏನೂ ಇಲ್ಲ. ಯಾರೂ ಕುಣಿಯಲಿಲ್ಲ, ಕೂಗಲಿಲ್ಲ. ಹೊಳೆ ಹರಿಯುವ ಸದ್ದು ಕೇಳಿಸಿತು. ಇಷ್ಟು ದಿನ ಅದೂ ಹರಿಯುತ್ತಲೇ ಇತ್ತು ಎಂಬುದೇ ನಮಗೆ ಮರೆತುಹೋಗಿತ್ತು. ಆಮೇಲೆ ಕಪ್ಪೆಗಳು ಶುರು ಮಾಡಿದವು. ಬಿಳಿ ಬಟ್ಟೆ ಹಿಡಿದು ಫ್ರೆಂಚರು ಬಿಲಗಳಿಂದ ಹೊರಗೆ ಬಂದರಂತೆ, ಅದನ್ನು ನಾನು ನೋಡಲಿಲ್ಲ. ನೋಡಿದ್ದು ಮರುದಿನದ ಸಾಲನ್ನು. ಕೆಸರು ಮೆತ್ತಿಕೊಂಡು, ಗಡ್ಡ ಬೆಳೆದು, ಕೋಲೂರಿಕೊಂಡು ನಡೆದುಹೋದ ಸೆರೆಯಾಳುಗಳ ಸಾಲು. ನೂರು ವರ್ಷ ಇಲ್ಲೇ ಇರುತ್ತೇವೆ ಎಂದವರು ನಮ್ಮ ಗದ್ದೆಯ ಬದುವಿನ ಮೇಲೆ ಕಾಲು ಜಾರದ ಹಾಗೆ ನೋಡಿಕೊಂಡು ನಡೆಯುತ್ತಿದ್ದರು. ಅವ್ವ ದಾರಿಯ ಪಕ್ಕ ನಿಂತಳು. ಮಳೆ ಬಂದರೂ ಕದಲಲಿಲ್ಲ. ಕಾವಲಿಗಿದ್ದ ಸೈನಿಕನೊಬ್ಬ ಅವಳ ಸಿಟ್ಟು ತೀರಲಿ ಎಂದು, "ನೋಡಜ್ಜಿ, ಕಣ್ತುಂಬ ನೋಡು. ಬೇಕಾದ್ರೆ ಉಗಿ, ನಾನು ಆಕಡೆ ತಿರುಗ್ತೀನಿ" ಎಂದ. ಅವಳು ಉಗಿಯಲು ನಿಂತಿರಲಿಲ್ಲ ತೂನ್. ಒಂದೊಂದು ಮುಖವನ್ನೂ ನಿನ್ನ ಮುಖವಿರಬಹುದೇ ಎಂದು ನೋಡುತ್ತಿದ್ದಳು. ಸಾಲು ಮುಗಿಯುವವರೆಗೂ ನೋಡಿದಳು. ಕೊನೆಯಲ್ಲಿ ಬಂದ ಒಬ್ಬ ಥಾಯ್ ಹುಡುಗ, ಉತ್ತರದ ಗುಡ್ಡದವರು ಮಾರ್ಚ್‌ನಲ್ಲೇ ಹೊರಟರು ಅವ್ವ, ನಿನ್ನ ಮಗ ಮುಂದೆ ಇದ್ದ, ನಾನು ಕಂಡೆ ಎಂದ. ಅವ್ವ ಅವನ ಕೈಗೆ ಅನ್ನದ ಬುಟ್ಟಿಯನ್ನೇ ಕೊಟ್ಟಳು. ನಮಗೆ ಅವತ್ತು ಅಷ್ಟೇ ಇದ್ದದ್ದು. ನಾನು ಜಗಳ ಆಡಿದೆ, ನಿಜ.

ದೂರದ ಯಾವುದೋ ಊರಿನಲ್ಲಿ ಮೇಜಿನ ಸುತ್ತ ಕೂತು ಯುದ್ಧ ಮುಗಿಯಿತೆಂದು ಸಹಿ ಹಾಕಿದರು ಎಂದು ಜುಲೈಯಲ್ಲಿ ಹೇಳಿದರು. ಮುಗಿದದ್ದು ಇಲ್ಲಿ, ನಮ್ಮ ಗದ್ದೆಯಲ್ಲಿ, ನಾವು ನೋಡಿದ್ದೇವೆ. ಸುಗ್ಗಿಯಾದ ಮೇಲೆ ಮನೆ ಕಟ್ಟಬೇಕೆಂದು ಎಲ್ಲರೂ ಮರ ಹುಡುಕತೊಡಗಿದರು. ನಾನು ನಮ್ಮ ಮರವೇ ಬೇಕು ಎಂದೆ. ನಮ್ಮ ಮನೆಯ ಮರವೆಲ್ಲ ಹೋದದ್ದು ಹೊಳೆಯ ದಡದ ಬಂಕರಿಗೆ, ಅಲ್ಲಿಯವರೆಗೂ ಹಿಂದೆ ಹಿಂದೆ ಹೋಗಿ ನಾನೇ ನೋಡಿದ್ದೆ. ಇಲ್ಲಿ ಹೊಸ ಸರಕಾರದ ಕೆಲಸಕ್ಕೆ ಬಂದಿರುವ ನ್ಯುಂಗ್ ಎಂಬ ಕೆಳನಾಡಿನ ಹುಡುಗಿ, ಒಳ್ಳೆಯವಳು, ನಮ್ಮ ಭಾಷೆಯನ್ನು ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಆಡುತ್ತಾಳೆ. ಒಳಗೆ ಮದ್ದುಗುಂಡು ಇರುತ್ತದೆ, ಹೋಗಬೇಡಿ ಎಂದಳು. ಸರಿ, ಇಲ್ಲದ ಹಾಗೆ ಮಾಡಿಸಿ, ಅಲ್ಲಿಯವರೆಗೆ ಇಲ್ಲೇ ಕೂತಿರುತ್ತೇನೆ ಎಂದು ಬಂಕರಿನ ಬಾಯಲ್ಲಿ ಚಾಪೆ ಹಾಸಿಕೊಂಡು ಕೂತೆ. ದಿನಾ ಹೋಗಿ ಕೂತೆ. ಕೊನೆಗೆ ಅವಳೇ ಸೈನಿಕರನ್ನು ಕರೆತಂದು ಶುದ್ಧ ಮಾಡಿಸಿದಳು. ನಾನು ಒಳಗೆ ಹೋಗುವಾಗ ನಿನ್ನನ್ನು ಬೈದುಕೊಂಡೇ ಹೋದೆ. ನಮ್ಮ ತೊಲೆಗಳು ಮೇಲೆ ಅಡ್ಡಡ್ಡ ಬಿದ್ದಿದ್ದವು, ಅರ್ಧಕ್ಕೆ ಕೊಯ್ದಿದ್ದರು. ಬೇರೆ ಕಂಬಗಳನ್ನೆಲ್ಲ ಹೇಗೆ ಬೇಕೋ ಹಾಗೆ ನಿಲ್ಲಿಸಿದ್ದರು, ಮುಕ್ಕಾಲು ಪಾಲು ತಲೆಕೆಳಗು. ಬುಡ ಮೇಲೆ ಮಾಡಿದ ಕಂಬದ ಕೆಳಗೆ ಮಲಗಿದವನಿಗೆ ನಿದ್ದೆ ಹೇಗೆ ಬಂದೀತು. ಹಿರಿಯರ ಕಂಬ ಮೂಲೆಯಲ್ಲಿ ಇತ್ತು. ಚೋಮ್ ಬುಡದ ಕಡೆಗೆ ಕೈ ಹಾಕಿ ತಡವಿದರು. ಅವರಪ್ಪ ಬುಡದಲ್ಲಿ ಕೋಳಿಯ ಕಾಲಿನ ಹಾಗೆ ಕೊರೆದ ಗುರುತು ಕೆಳಗೇ ಇತ್ತು, ಮಣ್ಣಿಗೆ ತಾಗಿಕೊಂಡು. ಕೊಯ್ದಿರಲಿಲ್ಲ. ಮೊಳೆ ಹೊಡೆದಿರಲಿಲ್ಲ. ಗುರುತಿನ ಮುಖ ಸೂರ್ಯ ಹುಟ್ಟುವ ಕಡೆಗಿತ್ತು, ಮನೆಯಲ್ಲಿ ಇದ್ದ ಹಾಗೇ. ಅಧಿಕಾರಿ ಹೇಳಿದ್ದು ಬಿಲ ಕಟ್ಟು ಎಂದು, ನೀನು ಅದರೊಳಗೆ ಕಂಬವನ್ನು ಮನೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದೆ. ಆಮೆಯ ಚಿಪ್ಪು ಮಾತ್ರ ಇರಲಿಲ್ಲ. ಕಟ್ಟಿದ ಹುರಿ ಕಿತ್ತುಹೋಗಿರಲಿಲ್ಲ, ಕತ್ತಿಯಿಂದ ನೀಟಾಗಿ ಕತ್ತರಿಸಿ, ಉಳಿದ ಸುತ್ತನ್ನು ಗಂಟು ಹಾಕಲಾಗಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಬೈಗುಳ ಬಾಯಲ್ಲೇ ಉಳಿಯಿತು. ಹೊರಗಿನಿಂದ ಅವ್ವ, "ಇದೆಯೇನೇ?" ಎಂದು ಕೂಗಿದಳು. "ಇದೆ. ನಿಂತಿದೆ" ಎಂದೆ.

ಕಂಬದಲ್ಲಿ ಮೂರು ಕಡೆ ಸಿಡಿಗುಂಡಿನ ಚೂರು ಹೊಕ್ಕಿದೆ. ಅದನ್ನು ತೆಗೆಯಬೇಡಿ, ಇರಲಿ ಎಂದು ನಾನೇ ಹೇಳಿದೆ. ಮೆರವಣಿಗೆಯ ಹಾಗೆ ಹೊತ್ತು ತಂದೆವು. ಆದರೆ ಮಂತ್ರ ಹೇಳುವ ಪೀನ್ ಅಜ್ಜ ಅಡ್ಡ ನಿಂತ. ರಕ್ತ ಬಿದ್ದ ನೆಲದಲ್ಲಿ ನಿಂತ ಕಂಬ, ಪರದೇಶದವರು ಒರಗಿ ಮಲಗಿದ ಕಂಬ, ಹಿರಿಯರು ಇನ್ನು ಇದಕ್ಕೆ ಬರುವುದಿಲ್ಲ, ಹೊಸದು ಕಡಿಯಿರಿ ಎಂದ. ಈ ಕಣಿವೆಯಲ್ಲಿ ರಕ್ತ ಬೀಳದ ನೆಲ ಒಂದು ಮೊಳ ತೋರಿಸಿ ಅಜ್ಜ, ಅಲ್ಲಿ ಹೊಸ ಕಂಬ ನೆಡುತ್ತೇನೆ ಎಂದೆ. ಚೋಮ್ ಮತ್ತು ಅವರ ಗೆಳೆಯರು ಅವನು ಮಂತ್ರ ಹೇಳದೆಯೇ ಕಂಬ ಎತ್ತಿದರು. ನಿಂತ ಮೇಲೆ ಅಜ್ಜನೂ ಬಾಯೊಳಗೇ ಏನೋ ಹೇಳಿಕೊಂಡ, ಕೇಳಿಸಿತು. ನಿಜವಾದ ಜಗಳ ಆಮೇಲೆ, ಬೆಂಕಿಗೆ. ಚೋಮ್ ಅವರ ಕಡೆಯ ಯಾರನ್ನಾದರೂ ನಿನ್ನ ತಮ್ಮ ಎಂದು ಕರೆದು ಕೈಗೆ ದಾರ ಕಟ್ಟು, ಅವನೇ ಹಚ್ಚಲಿ, ಹುಣ್ಣಿಮೆಯ ಒಳಗೆ ಮನೆ ಹತ್ತಿ ಎಂದ ಅಜ್ಜ.

"ನನಗೊಬ್ಬ ತಮ್ಮ ಇದಾನೆ ಅಜ್ಜ."

"ಕಂಬ ಕಿತ್ತ ಕೈಗೆ ಬೆಂಕಿ ಕೊಡ್ತೀಯಾ ಓನ್?"

"ಕಿತ್ತ ಕೈಯೇ ಹಚ್ಚಲಿ. ಮಿಕ್ಕವರೇನು ಕೈ ತೊಳ್ಕೊಂಡು ಕೂತಿದಾರಾ? ಹೋದ ವರ್ಷ ನಿಮ್ಮ ಎಮ್ಮೆ ಯಾರ ಹೊಟ್ಟೆಗೆ ಹೋಯ್ತು, ಎಷ್ಟಕ್ಕೆ ಹೋಯ್ತು ಅಂತ ನಾನು ಕೇಳಿದೀನಾ?"

ಅಂಗಳದಲ್ಲಿ ಇದ್ದವರು ನೆಲ ನೋಡತೊಡಗಿದರು. ಅವ್ವ ಮಾತ್ರ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕಳು. ಅಜ್ಜನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಹೇಳಬಾರದ್ದನ್ನು ಹೇಳಿದ. "ಮಗೂನೇ ಇಲ್ಲ, ಇನ್ನು ಸೋದರಮಾವ ಯಾರಿಗೆ?" ಎಂದ. ಚೋಮ್ ಎದ್ದು ನಿಂತರು. ನಾನು ಅವರ ಕೈ ಹಿಡಿದೆ. ಲಾ ಸತ್ತಿದ್ದಾಳೆ, ಅವಳ ಮಾವ ಸತ್ತಿಲ್ಲ ಎಂದಷ್ಟೇ ಹೇಳಿದೆ. ಆಮೇಲೆ ಅಜ್ಜ ಎದ್ದು ಹೊರಟ. ಹೋಗುವಾಗ ಏಣಿಯ ಹತ್ತಿರ ಬಿದ್ದಿದ್ದ ಒಂದು ಬಿದಿರನ್ನು ಎತ್ತಿ ಪಕ್ಕಕ್ಕಿಟ್ಟು ಹೋದ. ಅವನ ಮೊಮ್ಮಕ್ಕಳಿಬ್ಬರೂ ಅದೇ ಶಿಬಿರದಲ್ಲಿ, ಅದೇ ಮಧ್ಯಾಹ್ನ ಹೋದವರು. ಅದಕ್ಕೇ ನಾನು ಅವನ ಮೇಲೆ ಹಗೆ ಇಟ್ಟುಕೊಂಡಿಲ್ಲ, ಆದರೆ ಮಾತು ಬದಲಿಸುವುದೂ ಇಲ್ಲ.

ನ್ಯುಂಗ್ ಹುಡುಗಿಯ ವರಸೆ ಬೇರೆ. ಬೆಂಕಿ ಯಾರು ಹಚ್ಚಿದರೂ ಅನ್ನ ಬೇಯುತ್ತೆ ಅಕ್ಕ, ಹಳೆಯದನ್ನು ಹಿಡಿದುಕೊಂಡು ಚಳಿಯಲ್ಲಿ ಯಾಕೆ ಮಲಗುತ್ತೀರಿ, ಕೊಡಿ, ನಾನೇ ಹಚ್ಚಿಬಿಡುತ್ತೇನೆ ಎಂದು ಕಡ್ಡಿಪೆಟ್ಟಿಗೆ ತೆಗೆದೇಬಿಟ್ಟಳು. "ಅನ್ನ ಬೇಯುತ್ತೆ ಮಗಳೇ, ಮನೆ ಆಗಲ್ಲ" ಎಂದೆ. ಅವಳ ಅಣ್ಣನೂ ದೊಡ್ಡ ಗುಡ್ಡದಲ್ಲಿ ಸತ್ತಿದ್ದಾನಂತೆ. ಕಡ್ಡಿಪೆಟ್ಟಿಗೆ ಒಳಗಿಟ್ಟಳು. ಆಮೇಲೆ ಅವಳನ್ನು ಕೂರಿಸಿಕೊಂಡು ನಿನ್ನ ವಿಷಯ ನೇರವಾಗಿ ಕೇಳಿದೆ. ಗುಡ್ಡ ಬಿಟ್ಟುಹೋದ ಥಾಯ್ ಸೈನಿಕರು ಊರಿಗೆ ಬರಬಹುದು, ಕಚೇರಿಗೆ ಬಂದು ಹೆಸರು ಹೇಳಿ, ಕೆಲವು ದಿನ ಅವರ ಮಾತು ಕೇಳಿಸಿಕೊಂಡು, ಆಮೇಲೆ ತಮ್ಮ ಗದ್ದೆ ತಾವು ಮಾಡಿಕೊಳ್ಳಬಹುದು ಎಂದಳು. ಹಾಗೆ ಬಂದವರು ಇಲ್ಲಿ ಆಗಲೇ ಇದ್ದಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಕಚೇರಿಗೆ ನಿನ್ನ ಜೊತೆ ನಾನೂ ಬರುತ್ತೇನೆ. ಅಲ್ಲಿ ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಬಂಕರಿನ ಬಾಯಲ್ಲಿ ಹಾಸಿದ ಚಾಪೆ ಇನ್ನೂ ನನ್ನ ಹತ್ತಿರ ಇದೆ. ಊರಿನವರು ನಿನ್ನನ್ನು ನೋಡಿ ಗುಸುಗುಸು ಮಾಡುತ್ತಾರೆ. ಮಾಡಲಿ. ನಾನೂ ನಿನಗೆ ಸಿಹಿ ಮಾತು ಇಟ್ಟುಕೊಂಡು ಕೂತಿಲ್ಲ. ನಿನ್ನ ಭಾವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅವನು ಬರಲಿ. ನಾನು ಅವನ ಜೊತೆ ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ. ಅವನು ಹಚ್ಚಿದ ಒಲೆ ಅನ್ನ ಮಾತ್ರ ಉಣ್ತೀನಿ" ಎಂದರು. ಅವರಿಂದ ಇದಕ್ಕಿಂತ ಹೆಚ್ಚು ಮಾತು ನಾನು ಮದುವೆಯಾದ ದಿನವೂ ಕೇಳಿಲ್ಲ.

ಸುಂಗ್ ಪಾವ್ ಈಗ ಮತ್ತೆ ಬಂದಿದ್ದಾನೆ, ಕುದುರೆಗಳಿಗೆ ಮೇವು ಕಟ್ಟುತ್ತಿದ್ದಾನೆ, ಬೆಳಗಾಗುವ ಮುಂಚೆ ಹೊರಡುತ್ತಾನೆ. ಅವನ ಕೈಯಲ್ಲಿ ಅಂಟಕ್ಕಿ, ಒಂದು ಕಟ್ಟು ಒಣಮೀನು, ಬಿಳಿ ಕೊಡೆಯ ಬಟ್ಟೆಗೆ ಹತ್ತಿ ತುಂಬಿ ನಾನೇ ಹೊಲಿದ ಒಂದು ಅಂಗಿ ಕಳಿಸಿದ್ದೇನೆ. ಆ ಬಟ್ಟೆ ನೋಡಿ ಮುಖ ಸಣ್ಣ ಮಾಡಬೇಡ, ಈಗ ಅದು ನಮ್ಮದು. ಅವ್ವ ನಿನ್ನ ತಲೆ ಮುಟ್ಟಿದ ಹಾಗೆ ಈ ಕಾಗದವನ್ನು ಎರಡು ಕೈಯಿಂದ ಮುಟ್ಟಿದ್ದಾಳೆ, ಅದಕ್ಕೇ ಮೂಲೆಯಲ್ಲಿ ಎಲೆ ಅಡಿಕೆಯ ಕೆಂಪು. ನಮ್ಮ ಹಿರಿಯರು ನಿನ್ನ ದಾರಿಯಲ್ಲಿ ಮುಂದೆ ನಡೆಯಲಿ.

ನಿನ್ನ ಅಕ್ಕ,
ಓನ್

ಇನ್ನೊಂದು ಮಾತು. ಪಾವ್ ಕಾಗದ ಕೊಡಿ ಎಂದು ಅವಸರ ಮಾಡುತ್ತಿದ್ದಾನೆ, ಇದನ್ನು ಬರೆಯದೆ ಕೊಡಲಾರೆ. ನಾನು ಬಸುರಿ. ಅವ್ವ ಮತ್ತು ಚೋಮ್ ಅವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ಅಜ್ಜ ಆ ಮಾತು ಆಡಿದಾಗಲೂ ಹೇಳಲಿಲ್ಲ. ಬಾಯಿ ಮುಚ್ಚಿಸಲು ಈ ಮಗುವನ್ನು ಮುಂದೆ ಹಿಡಿಯುವುದು ನನಗೆ ಬೇಕಿರಲಿಲ್ಲ, ನೀನು ಸೋದರಮಾವ ಅನ್ನಿಸಿಕೊಳ್ಳಲು ಲಾ ಒಬ್ಬಳೇ ಸಾಕು. ಚಳಿ ಕಳೆದು ಬೆಟ್ಟದ ಬಾನ್ ಮರಗಳು ಬಿಳಿ ಹೂ ಬಿಡುವ ತಿಂಗಳಿಗೆ ಹೆರಿಗೆ. ಬಾಣಂತಿ ಮಲಗಬೇಕಾದದ್ದು ಮನೆಯ ಒಲೆಯ ಪಕ್ಕ, ಅದು ನಿನಗೂ ಗೊತ್ತು. ಆ ಒಲೆಗೆ ಬೇರೆ ಯಾರ ಕೈಯಿಂದಲೂ ಬೆಂಕಿ ಹಾಕಿಸುವುದಿಲ್ಲ, ಎಮ್ಮೆಯ ಪಕ್ಕ ಹೆರಬೇಕಾದರೂ ಸರಿ. ಆಮೆಯ ಚಿಪ್ಪು ನಿನ್ನ ಹತ್ತಿರ ಇದೆ. ಇಲ್ಲ ಎಂದು ಹೇಳಿ ಕಳಿಸಬೇಡ, ಆ ಗಂಟು ಹಾಕುವುದನ್ನು ನಿನಗೆ ಕಲಿಸಿದವಳು ನಾನು. ಅದನ್ನು ತಂದು ಕಂಬಕ್ಕೆ ಕಟ್ಟು, ಆಮೇಲೆ ಒಲೆ ಹಚ್ಚು. ಕಟ್ಟಿಗೆ ಒಡೆದು ಒಳಗೆ ಜೋಡಿಸಿಟ್ಟಿದ್ದೇನೆ. ನಾಳೆಯೂ ನಮ್ಮ ಅಡುಗೆ ಅಂಗಳದಲ್ಲೇ.